ಹೃದಯದ ಫೋಟೋ ತೆಗೆಯುವವನ ಫಜೀತಿಗಳು

ಹೃದಯದ ಚಿತ್ರ ತೆಗೆಯುವ ಕೆಲಸದಲ್ಲಿ ನಗುವಂಥದ್ದು ಏನಿದೆ ಎಂದು ನನ್ನ ಸಂಬಂಧಿಕರು ಕೇಳುತ್ತಾರೆ. ಸೇರುವ ಮೊದಲು ನನಗೂ ಹಾಗೇ ಅನಿಸಿತ್ತು. ಸೇರಿದ ಮೇಲೆ ತಿಳಿಯಿತು, ಅಲ್ಲಿ ನಗು ಬರುವುದು ಕಷ್ಟವಲ್ಲ, ಬಂದ ನಗುವನ್ನು ಕೆಲಸ ಮುಗಿಯುವವರೆಗೆ ಒಳಗೇ ಇಟ್ಟುಕೊಳ್ಳುವುದು ಕಷ್ಟ.

ನಾನು ಜಮಖಂಡಿಯವನು. ನಮ್ಮ ಜಿಲ್ಲೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಟೆಕ್ನಿಶಿಯನ್. ಮೊದಲೆಲ್ಲ ಎದೆನೋವು ಎಂದರೆ ನಮ್ಮ ಕಡೆಯವರು ಮಿರಜಿಗೋ ಬೆಳಗಾವಿಗೋ ಓಡುತ್ತಿದ್ದರು. ಆಮೇಲೆ ಇಲ್ಲಿಯೇ ಮಶೀನು ಬಂತು, ಮಶೀನಿನ ಹಿಂದೆ ಮೈಸೂರು ಕಡೆಯ ಒಬ್ಬ ಹೃದಯದ ಡಾಕ್ಟರು ಬಂದರು, ಅವರಿಬ್ಬರ ನಡುವೆ ನಾನು. ಕೆಲಸ ಇಷ್ಟೇ: ಹೃದಯಕ್ಕೆ ರಕ್ತ ಒಯ್ಯುವ ನಾಳಗಳು ಎಲ್ಲಿ ಸಣ್ಣಗಾಗಿವೆ, ಎಲ್ಲಿ ಮುಚ್ಚಿವೆ ಎಂದು ತೋರಿಸುವುದು. ಅದಕ್ಕೆ ಎರಡು ದಾರಿ. ಒಂದು, ರೋಗಿಯನ್ನು ಸಿಟಿ ಮಶೀನಿನ ದೊಡ್ಡ ಬಳೆಯೊಳಗೆ ಮಲಗಿಸಿ ಹೊರಗಿನಿಂದಲೇ ತೆಗೆಯುವುದು. ಇನ್ನೊಂದು, ಕೈಯಿಂದಲೋ ತೊಡೆಯಿಂದಲೋ ಸಣ್ಣ ನಳಿಗೆ ತೂರಿಸಿ ಹೃದಯದ ತನಕ ಹೋಗಿ ನೋಡುವುದು. ಎರಡರಲ್ಲೂ ರೋಗಿ ಹೇಳಿದಂತೆ ಕೇಳಬೇಕು. ಕೇಳದಿದ್ದರೆ ಚಿತ್ರ ಮಸುಕು, ಚಿತ್ರ ಮಸುಕಾದರೆ ಮುಚ್ಚಿದ ನಾಳ ಕಾಣುವುದಿಲ್ಲ, ಮತ್ತು ಮುಚ್ಚಿದ ನಾಳ ನಮ್ಮ ಸಲುವಾಗಿ ಕಾಯುವುದಿಲ್ಲ. ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ, ಜಮಖಂಡಿಯ ಜನ ಹೇಳಿದಂತೆ ಕೇಳುತ್ತಾರೋ ಇಲ್ಲವೋ, ಅದನ್ನು ನೀವೇ ಓದಿ ನೋಡಿ.

ಮಾತಾಡಿಸಿದವರಿಗೆ ಓ ಅನ್ನದಿದ್ದರೆ

ನಮ್ಮ ಸಿಟಿ ಮಶೀನು ಬಂದಾಗ ಇಂಗ್ಲಿಷ್ ಮಾತಾಡುತ್ತಿತ್ತು. ಉಸಿರು ಹಿಡಿ, ಉಸಿರು ಬಿಡು ಎಂದು ಅದು ಹೇಳುವುದು ಯಾರಿಗೂ ತಿಳಿಯದೆ ನಮ್ಮ ಸಿಸ್ಟರ್ ಒಬ್ಬರ ಧ್ವನಿಯನ್ನೇ ಅದರೊಳಗೆ ತುಂಬಿದೆವು. "ಉಸಿರು ಎಳಕೊಳ್ರಿ. ಹಂಗ ಹಿಡೀರಿ. ಈಗ ಬಿಡ್ರಿ." ಧ್ವನಿ ಎಷ್ಟು ಮೆತ್ತಗಿತ್ತೆಂದರೆ ಡಾಕ್ಟರು ಕೂಡ ಒಂದು ಸಲ ಉಸಿರು ಹಿಡಿದರು.

ಒಂದು ದಿನ ಗಲಗಲಿಯ ಅಜ್ಜ ಒಬ್ಬರು ಬಂದರು. ಹೊಳೆ ದಂಡೆಯ ಹೊಲ, ತಲೆಗೆ ಸುತ್ತಿದ ಬಿಳಿ ಪಟಗ, ಮಾತಿನಲ್ಲಿ ಬಹಳ ಮರ್ಯಾದೆಯ ಮನುಷ್ಯ. ನಾಳಗಳು ಎದ್ದು ಕಾಣಲೆಂದು ರಕ್ತಕ್ಕೆ ಔಷಧಿ ಬಿಡುವ ಮೊದಲು ಉಸಿರು ಹಿಡಿಯುವುದನ್ನು ರೂಢಿ ಮಾಡಿಸುತ್ತೇವೆ. ಔಷಧಿ ಒಳಗೆ ಹೋದ ಮೇಲೆ ತಪ್ಪಿದರೆ ಎಲ್ಲಾ ವ್ಯರ್ಥ. ಮಶೀನು "ಹಂಗ ಹಿಡೀರಿ" ಅಂದಿತು. ಅಜ್ಜ ಒಳಗಿನಿಂದ "ಆತು ಯವ್ವಾ, ಹಿಡದೇನಿ" ಅಂದರು. ಹಿಡಿದ ಉಸಿರೆಲ್ಲ ಆ ಉತ್ತರದಲ್ಲೇ ಹೊರಗೆ ಬಂತು.

ನಾನು ಒಳಗೆ ಹೋಗಿ, "ಅಜ್ಜಾರ, ಮಾತಾಡಬ್ಯಾಡ್ರಿ, ಸುಮ್ನ ಉಸಿರಷ್ಟ ಹಿಡೀರಿ" ಅಂದೆ.

"ಆಕಿ ಕೇಳಿದ್ಲಲ್ಲೋ ತಮ್ಮಾ."

"ಅದು ಮಶೀನ್ರಿ. ಅದಕ್ಕ ಉತ್ತರ ಬೇಕಾಗಿಲ್ಲ."

"ಒಂದು ಹೆಣ್ಣಮಗಳು ಇಷ್ಟ ಮರ್ಯಾದಿಲೆ ಹೇಳಾಕತ್ತಾಳ. ನಾ ಕಲ್ಲಿನಂಗ ಸುಮ್ನ ಬಿದ್ರ ಆಕಿ ಏನ ತಿಳ್ಕೋಬೇಕು?"

ಮತ್ತೆ ರೂಢಿ ಮಾಡಿಸಿದೆ. ಮತ್ತೆ "ಹೂನವಾ" ಬಂತು. ಈ ಸಲ ಸಣ್ಣ ಧ್ವನಿಯಲ್ಲಿ, ನನಗೆ ಕೇಳಿಸಬಾರದೆಂದು. ಕೊನೆಗೆ ಅವರ ಹೆಂಡತಿಯನ್ನು ಗಾಜಿನ ಈಚೆ ನನ್ನ ಪಕ್ಕ ಕೂಡಿಸಿಕೊಂಡು, ಅಜ್ಜನಿಗೆ ಹೇಳಿದೆ: ನಿಮ್ಮ ಪರವಾಗಿ ಅಮ್ಮಾರು ಉತ್ತರ ಕೊಡುತ್ತಾರೆ, ನೀವು ಉಸಿರು ಮಾತ್ರ ನೋಡಿಕೊಳ್ಳಿ. ಅಜ್ಜನಿಗೆ ಈ ವ್ಯವಸ್ಥೆ ಒಪ್ಪಿಗೆಯಾಯಿತು. ಮನೆಯಲ್ಲೂ ಹಾಗೇ ನಡೆಯುತ್ತಿತ್ತಂತೆ.

ಮಶೀನು ಹಿಡೀರಿ ಅಂದಾಗ ಅಮ್ಮ "ಹಿಡದಾರ ನೋಡವಾ" ಅಂದರು. ಬಿಡ್ರಿ ಅಂದಾಗ "ಬಿಟ್ರವಾ" ಅಂದರು. ಚಿತ್ರ ಕನ್ನಡಿಯಂತೆ ಬಂತು. ನಾನು ಕೈ ಮುಗಿಯುವಷ್ಟು ಖುಷಿಯಲ್ಲಿ "ಮುಗೀತ್ರಿ ಅಮ್ಮಾ" ಅಂದೆ. ಅವರು ಎದ್ದು ಸೆರಗು ಸರಿಮಾಡಿಕೊಂಡು ಗಾಜಿನೊಳಗೆ ಒಮ್ಮೆ ಇಣುಕಿದರು.

"ಮುಂಜಾನಿಂದ ಒಬ್ಬಾಕೀನ ಹೇಳಿ ಹೇಳಿ ದಣದಿರಬೇಕು. ಆ ಹುಡುಗಿಗೆ ಒಂದ ಕಪ್ ಚಾ ಆದ್ರೂ ಕೊಟ್ಟೀರಿಲ್ಲೋ?"

ಸೋರುವ ಮಶೀನು

ಸಿಟಿಗೆ ಹಾಕುವ ಔಷಧಿಯದೊಂದು ಗುಣವಿದೆ. ಅದು ರಕ್ತದಲ್ಲಿ ಸೇರಿದ ಕೂಡಲೇ ಮೈಯೆಲ್ಲ ಬೆಚ್ಚಗಾಗುತ್ತದೆ, ಅದರಲ್ಲೂ ಸೊಂಟದ ಕೆಳಗೆ. ಬಟ್ಟೆ ಒದ್ದೆಯಾಯಿತೇನೋ ಎಂದು ದೊಡ್ಡವರಿಗೂ ಅನಿಸುತ್ತದೆ. ನಿಜವಾಗಿ ಏನೂ ಆಗಿರುವುದಿಲ್ಲ. ಹೀಗಾಗಿ ಎಲ್ಲರಿಗೂ ಮೊದಲೇ ಹೇಳುತ್ತೇವೆ.

ಜಮಖಂಡಿ ಕೋರ್ಟಿನಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರೊಬ್ಬರು ಬಂದಿದ್ದರು. ಇಸ್ತ್ರಿ ಮುರಿಯದ ಧೋತರ, ಕಿಸೆಯಲ್ಲಿ ಪೆನ್ನು. ನಾನು "ನೋಡ್ರಿ ಸಾಹೇಬ್ರ, ಔಷಧಿ ಹೋದ ಕೂಡಲೇ..." ಎಂದು ಶುರುಮಾಡಿದೆ. ಅವರು ಕೈ ಎತ್ತಿ ನಿಲ್ಲಿಸಿದರು. "ನನಗ ಎಲ್ಲಾ ಗೊತ್ತೈತಿ. ಮುಂದ ನಡೀರಿ." ನಾನು ಇನ್ನೊಮ್ಮೆ ಬಾಯಿ ತೆರೆದೆ. "ಹೇಳಿದ್ನಲ್ಲಾ, ಗೊತ್ತೈತಿ ಅಂತ." ಮೂವತ್ತು ವರ್ಷ ವಕೀಲರನ್ನು ಸುಮ್ಮನಿರಿಸಿದ ಕೈ ಅದು. ನಾನೂ ಸುಮ್ಮನಾದೆ.

ಔಷಧಿ ಹೋಯಿತು. ಅವರ ಮುಖ ಒಮ್ಮೆ ಬದಲಾಯಿತು, ಆಮೇಲೆ ಮೂರ್ತಿಯಂತೆ ನಿಂತುಬಿಟ್ಟಿತು. ಅಷ್ಟು ಅಲುಗಾಡದ ರೋಗಿಯನ್ನು ನಾನು ಕಂಡಿಲ್ಲ. ಚಿತ್ರ ಮುಗಿದು, "ಏಳ್ರಿ ಸಾಹೇಬ್ರ" ಅಂದರೆ ಏಳಲಿಲ್ಲ. ಸಿಸ್ಟರ್ ಕರೆದರೂ ಏಳಲಿಲ್ಲ. ಛಾವಣಿ ನೋಡುತ್ತ ಮಲಗಿಯೇ ಇದ್ದರು.

ಕೊನೆಗೆ ನನ್ನೊಬ್ಬನನ್ನೇ ಹತ್ತಿರ ಕರೆದು, ತೀರ್ಪು ಓದುವ ಗಂಭೀರತೆಯಲ್ಲಿ ಹೇಳಿದರು: "ನಿಮ್ಮ ಮಶೀನು ಎಲ್ಲೋ ಸೋರಾಕತ್ತೈತಿ. ಮೊದಲ ಮೆಕ್ಯಾನಿಕ್‌ನ ಕರಸ್ರಿ. ಅಲ್ಲೀತನಕ ಈ ಖೋಲ್ಯಾಗ ಯಾರನ್ನೂ ಬಿಡಬ್ಯಾಡ್ರಿ."

ಮಗ್ಗ ನಿಂತರೆ

ಸಿಟಿಯಲ್ಲಿ ಚಿತ್ರ ಚೆನ್ನಾಗಿ ಬರಬೇಕಾದರೆ ಹೃದಯ ನಿಧಾನವಾಗಿ ಬಡಿಯಬೇಕು. ಬಡಿತ ಜೋರಿದ್ದವರಿಗೆ ಒಂದು ಮಾತ್ರೆ ಕೊಟ್ಟು, ಒಳಗಿನ ಶಾಂತವಾದ ಕೋಣೆಯಲ್ಲಿ ಕೂಡಿಸುತ್ತೇವೆ. ದೀಪ ಮಂದ, ಫ್ಯಾನು ಸಣ್ಣಗೆ, ಬಾಗಿಲು ಮುಚ್ಚಿದ್ದು. ಬಹಳ ಜನ ಅಲ್ಲೇ ತೂಕಡಿಸುತ್ತಾರೆ.

ಬನಹಟ್ಟಿಯ ನೇಕಾರರೊಬ್ಬರು ಅಣ್ಣನ ಜೊತೆ ಬಂದರು. ಮನೆಯಲ್ಲೇ ವಿದ್ಯುತ್ ಮಗ್ಗಗಳು. ಮಾತ್ರೆ ಕೊಟ್ಟು ಶಾಂತ ಕೋಣೆಯಲ್ಲಿ ಕೂಡಿಸಿದೆ. ಸ್ವಲ್ಪ ಹೊತ್ತು ಬಿಟ್ಟು ನಾಡಿ ನೋಡಿದರೆ ಮೊದಲಿಗಿಂತ ಜೋರು. ಇನ್ನೊಂದು ಮಾತ್ರೆ ಕೊಟ್ಟೆ. ಇನ್ನೂ ಜೋರು. ಮನುಷ್ಯ ಕುರ್ಚಿಯ ತುದಿಯಲ್ಲಿ ಕುಳಿತು ಬಾಗಿಲು ನೋಡುತ್ತಿದ್ದರು.

"ಏನಾರ ಹೆದರಿಕಿ ಆಗಾಕತ್ತೈತೇನ್ರಿ?" ಅಂದೆ.

"ಹೆದರಿಕಿ ಏನಿಲ್ರಿ. ಆದ್ರ ಇಲ್ಲಿ ಯಾಕ ಇಷ್ಟ ಸುಮ್ನ ಐತಿ?"

ಅವರ ಅಣ್ಣ ನನ್ನನ್ನು ಹೊರಗೆ ಕರೆದು ಬಿಡಿಸಿ ಹೇಳಿದರು. "ನಮ್ಮ ಓಣ್ಯಾಗ ಮಗ್ಗದ ಸಪ್ಪಳ ನಿಂತ್ರ ಎದಿ ಧಸಕ್ ಅಂತೈತ್ರಿ. ಒಂದೋ ಕರೆಂಟ್ ಹೋಗಿರತೈತಿ, ಇಲ್ಲಾ ಎಳಿ ಹರದಿರತೈತಿ, ಇಲ್ಲಾ ಓಣ್ಯಾಗ ಯಾರೋ ಹೋಗಿರತಾರ. ಸಪ್ಪಳ ಇದ್ರ ನಿದ್ದಿ ಬರತೈತಿ. ಸುಮ್ನಾದ್ರ ಎಚ್ಚರ ಆಕ್ಕೈತಿ."

ಆಸ್ಪತ್ರೆ ತುಂಬ ಶಾಂತತೆ ಕಾಪಾಡಿರಿ ಎಂದು ಬೋರ್ಡು ಹಾಕಿದವರು ನಾವೇ. ಆದರೂ ಅವರನ್ನು ಹಿತ್ತಲಿಗೆ ಕರೆದೊಯ್ದು ಜನರೇಟರ್ ಪಕ್ಕ ಕುರ್ಚಿ ಹಾಕಿದೆ. ನಮ್ಮ ಭಾಗ್ಯಕ್ಕೆ ಕರೆಂಟು ಹೋಗಿ ಅದು ಶುರುವಾಗಿತ್ತು, ಕಿವಿಯಲ್ಲಿ ಬೆರಳಿಟ್ಟುಕೊಳ್ಳುವಂಥ ಸಪ್ಪಳ. ನೇಕಾರರು ಕಾಲು ಚಾಚಿ, ತಲೆ ಗೋಡೆಗಾನಿಸಿ, ಗೊರಕೆ ಹೊಡೆದರು. ನಾಡಿ ಎತ್ತಿನ ಬಂಡಿಯಂತೆ ನಿಧಾನವಾಯಿತು.

ಆದರೆ ಜನರೇಟರನ್ನು ಸಿಟಿ ಕೋಣೆಯೊಳಗೆ ತರುವುದು ಹೇಗೆ? ಬಳೆಯೊಳಗೆ ಮಲಗಿಸಿದ ಕೂಡಲೇ ಮತ್ತೆ ನಿಶ್ಶಬ್ದ, ಮತ್ತೆ ಬಡಿತ ಏರಿತು. ಆಗ ಅವರ ಅಣ್ಣನೇ ಸಿಸ್ಟರ್ ಕೈಯಿಂದ ಎರಡು ಸ್ಟೀಲ್ ತಾಟು ಇಸಿದುಕೊಂಡು, ನಮ್ಮ ಮೈಕಿನ ಮುಂದೆ ಕುಳಿತು ಬಡಿಯತೊಡಗಿದರು. ಖಟ್ ಖಟಾ, ಖಟ್ ಖಟಾ. ಪರದೆಯ ಮೇಲೆ ಬಡಿತ ಇಳಿಯುತ್ತ ಬಂತು. ಡಾಕ್ಟರು ಸದ್ದು ಕೇಳಿ ಓಡಿಬಂದವರು ಪರದೆ ನೋಡಿ ಬಾಗಿಲಲ್ಲೇ ನಿಂತರು. ಅಣ್ಣನ ಕೈ ಸೋತಾಗ ತಾಟು ಹಿಡಿದವರು ಡಾಕ್ಟರೇ.

ಕೆಲಸ ಮುಗಿದು ನೇಕಾರರು ಹೊರಗೆ ಬಂದರು. ಮೊದಲು ಕೇಳಿದ್ದು ತಮ್ಮ ಹೃದಯದ ಬಗ್ಗೆ ಅಲ್ಲ.

"ಅಲ್ರೀ, ಕಡೀಕ ಮಗ್ಗ ಹಿಡದಾವ್ರು ಯಾರು? ಹಿಂಗ ನೇದ್ರ ಸೀರಿ ಒಂದ ಒಗತಕ್ಕೂ ತಡ್ಯಾಂಗಿಲ್ಲ."

ಡಾಕ್ಟರು ತಾಟನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡರು.

ಮಾವನವರು ಬಂದರು

ಮೊದಮೊದಲು ನಳಿಗೆಯನ್ನು ಹೆಚ್ಚಾಗಿ ತೊಡೆಯಿಂದಲೇ ಹಾಕುತ್ತಿದ್ದೆವು. ಮುಗಿದ ಮೇಲೆ ತೊಡೆಯ ಮೇಲೆ ಉಸುಕಿನ ಚೀಲ ಇಟ್ಟು ಮಲಗಿಸುತ್ತಿದ್ದೆವು. ಸಂಜೆಯ ತನಕ ಕಾಲು ಮಡಿಸುವಂತಿಲ್ಲ, ಏಳುವಂತಿಲ್ಲ. ಎದ್ದರೆ ರಕ್ತ ಚಿಮ್ಮುತ್ತದೆ.

ಹಾಗೆ ಮಲಗಿದ್ದವರು ಜಮಖಂಡಿ ಹತ್ತಿರದ ಹಳ್ಳಿಯ ಒಬ್ಬ ಶಾಲೆಯ ಬಾಯಾರು, ಅಂದರೆ ಶಿಕ್ಷಕಿ. ಓದಿದವರು, ಹೇಳಿದ್ದೆಲ್ಲ ತಿಳಿದವರು. ಅಷ್ಟರಲ್ಲಿ ಬಾಗಿಲಲ್ಲಿ ಕೆಮ್ಮಿದ ಸದ್ದಾಯಿತು. ಅವರ ಮಾವನವರು ಊರಿಂದ ಬಂದಿದ್ದರು. ಬಾಯಾರು ಒಂದೇ ಸಲ ಸೆರಗು ಎಳೆದುಕೊಂಡು ಏಳಲು ಹೊರಟರು. ನಾನೂ ಸಿಸ್ಟರೂ ಕೂಗಿಕೊಂಡು ಹಿಡಿದೆವು.

"ಬಿಡ್ರಿ, ಮಾವಾರು ನಿಂತಾರ, ನಾ ಮಲಗಿದ್ರ ಹೆಂಗ?"

"ಎದ್ರ ಮಾವಾರು ಅಳೂ ಹಂಗಾಕ್ಕೈತಿ, ಮಲಗ್ರಿ!"

ಮಾವನವರಿಗೆ ವಿಷಯ ಹೇಳಿದೆ. ಅವರು ಕೂಡಲೇ ಹೊರಗೆ ಹೋದರು. ಒಳ್ಳೆಯದಾಯಿತು ಎಂದುಕೊಳ್ಳುವಷ್ಟರಲ್ಲಿ ಮತ್ತೆ ಒಳಗೆ ಬಂದರು, ಈ ಸಲ ಬೆನ್ನು ಮುಂದೆ ಮಾಡಿ, ಹಿಂದಕ್ಕೆ ನಡೆಯುತ್ತ. ಎದುರು ಬರದಿದ್ದರೆ ಸೊಸೆ ಏಳಬೇಕಾಗಿಲ್ಲವಲ್ಲ. "ಹೆಂಗಿದ್ದೀಯವಾ?" ಎಂದು ಗೋಡೆಗೆ ಕೇಳಿದರು. "ಆರಾಮಿದ್ದೇನ್ರಿ ಮಾವಾರ" ಎಂದು ಅವರ ಬೆನ್ನಿಗೆ ಉತ್ತರ ಬಂತು. ಆದರೆ ಅಷ್ಟು ದೂರದಿಂದ ಬಂದವರಿಗೆ ಮುಖ ನೋಡದೆ ಸಮಾಧಾನವಾಗಲಿಲ್ಲ. ಸ್ವಲ್ಪ ಯೋಚಿಸಿ, ಪಕ್ಕದಲ್ಲಿ ಖಾಲಿ ಇದ್ದ ಮಂಚದ ಮೇಲೆ ಉದ್ದಕ್ಕೆ ಮಲಗಿಬಿಟ್ಟರು.

"ಈಗ ನಾನೂ ಮಲಗೇನಿ. ಈಗ ಹಿರೇರು ಸಣ್ಣವರು ಅನ್ನೂದ ಬರಾಂಗಿಲ್ಲ. ಹೇಳವಾ, ಏನಾತು?"

ಇಬ್ಬರೂ ಛಾವಣಿ ನೋಡುತ್ತ ಬಹಳ ಹೊತ್ತು ಮಾತಾಡಿದರು. ಸಂಜೆ ಪಾಳಿ ಬದಲಾಯಿತು. ಹೊಸ ಸಿಸ್ಟರ್ ಬಂದವರು ಎರಡು ಮಂಚ, ಎರಡು ರೋಗಿ ಎಂದು ತಿಳಿದು ಮಾವನವರ ರಕ್ತದೊತ್ತಡ ನೋಡಿದರು. ಸೊಸೆಯದಕ್ಕಿಂತ ಎಷ್ಟೋ ಹೆಚ್ಚು. ಇಸಿಜಿ ತೆಗೆದರು, ಅದೂ ಸರಿ ಇರಲಿಲ್ಲ. ಡಾಕ್ಟರು ಬಂದು ನೋಡಿ, "ಇವರಿಗೂ ನಾಳೆ ನಳಿಗೆ ಹಾಕಿ ನೋಡೋಣ" ಅಂದರು. ಮರುದಿನ ಸಣ್ಣದೊಂದು ತೊಂದರೆ ಸಿಕ್ಕಿತು, ಗುಳಿಗೆಯಲ್ಲಿ ಹೋಗುವಂಥದ್ದು. ಸಿಗದೆ ಹೋಗಿದ್ದರೆ ಮುಂದೆ ದೊಡ್ಡದಾಗುತ್ತಿತ್ತು.

ಆ ಮಧ್ಯಾಹ್ನ ಬಾಯಾರು ಮನೆಗೆ ಹೊರಟವರು ಮಾವನವರನ್ನು ಮಾತಾಡಿಸಲು ಬಂದು ಬಾಗಿಲಲ್ಲಿ ನಿಂತರು. ತೊಡೆಯ ಮೇಲೆ ಉಸುಕಿನ ಚೀಲ ಹೊತ್ತಿದ್ದ ಮಾವನವರು ಪಕ್ಕದ ಮಂಚ ತೋರಿಸಿದರು.

"ಮಲಗವಾ. ನೀ ನಿಂತ್ರ ಮಾತಾಡಾಕ ನನಗ ಬರಾಂಗಿಲ್ಲ."

ಕೇಬಲ್ಲಿನಲ್ಲಿ ಹೃದಯ

ನಳಿಗೆ ಹಾಕಿಸಿಕೊಂಡವರಿಗೆ, ಅಂದರೆ ಆಂಜಿಯೋಗ್ರಾಂ ಆದವರಿಗೆ, ಚಿತ್ರದ ಸಿಡಿ ಕೊಡುತ್ತೇವೆ. ಬೇರೆ ಡಾಕ್ಟರಿಗೆ ತೋರಿಸಲು ಬೇಕಾಗುತ್ತದೆ ಎಂದು. ಬಹಳ ಜನ ಅದನ್ನು ಟ್ರಂಕಿನಲ್ಲಿಟ್ಟು ಮರೆಯುತ್ತಾರೆ.

ಮುಧೋಳದ ಒಬ್ಬ ಕಿರಾಣಿ ವ್ಯಾಪಾರಿ ಮರೆಯಲಿಲ್ಲ. ಅವರಿಗೆ ಅಂಗಡಿಯಲ್ಲೇ ಎದೆ ಹಿಡಿದಂತಾಗಿ ನಮ್ಮಲ್ಲಿಗೆ ತಂದಿದ್ದರು. ನೋಡಿದರೆ ನಾಳಗಳೆಲ್ಲ ಸ್ವಚ್ಛ, ಹಿಂದಿನ ದಿನ ತಿಂದ ಮಿರ್ಚಿ ಭಜಿಯದೇ ತಪ್ಪು. ಅವರು ಕುಣಿಯುತ್ತ ಊರಿಗೆ ಹೋದರು. ಅಲ್ಲಿ ಹೋಗಿ ನೋಡಿದರೆ ಬೇರೆ ಸುದ್ದಿ ಹಬ್ಬಿತ್ತು: ಅವರದು ಇನ್ನು ಬಹಳ ದಿನ ಇಲ್ಲ. ಅದೇ ಹೊತ್ತಿಗೆ ಮಗನಿಗೆ ಹೆಣ್ಣು ಗೊತ್ತಾಗುವುದರಲ್ಲಿತ್ತು. ಹೆಣ್ಣಿನ ಕಡೆಯವರು, ಅದು ಮನೆತನದ ರೋಗವೇನೋ, ಸ್ವಲ್ಪ ವಿಚಾರ ಮಾಡುತ್ತೇವೆ ಎಂದು ಹೇಳಿ ಕಳಿಸಿದ್ದರು. ಅವರೂ ಮುಧೋಳದವರೇ, ಎರಡು ಓಣಿ ಆಚೆ.

ವ್ಯಾಪಾರಿ ಯಾರೊಡನೆಯೂ ವಾದಕ್ಕೆ ಹೋಗಲಿಲ್ಲ. ಸಿಡಿ ಹಿಡಿದು ಕೇಬಲ್ ಆಫೀಸಿಗೆ ಹೋದರು. ಆಗ ಊರಿನ ಕೇಬಲ್ಲಿನಲ್ಲಿ ಮದುವೆ, ಹುಟ್ಟುಹಬ್ಬ, ಮುನಿಸಿಪಾಲ್ಟಿಯ ಭಾಷಣ ಎಲ್ಲವೂ ಬರುತ್ತಿದ್ದವು. ಆ ರಾತ್ರಿ ಧಾರಾವಾಹಿ ಮುಗಿದ ಕೂಡಲೇ ವ್ಯಾಪಾರಿಯ ಹೃದಯ ಬಂತು. ಕಪ್ಪು ಬೇರುಗಳಂತೆ ನಾಳಗಳು, ಒಮ್ಮೆ ತುಂಬುವುದು, ಒಮ್ಮೆ ಮಾಯವಾಗುವುದು. ಕೆಳಗೆ ಅಂಗಡಿಯ ಹೆಸರು. ಬೇಡಿಕೆಯ ಮೇರೆಗೆ ಮರುದಿನವೂ ಬಂತಂತೆ.

ಇದು ನನಗೆ ಗೊತ್ತಾದದ್ದು ಮುಂದಿನ ವಾರ, ಮುಧೋಳದಿಂದ ಬಂದ ಇನ್ನೊಬ್ಬ ರೋಗಿಯಿಂದ. "ನಂದು ಅವರದಕ್ಕಿಂತ ಛಲೋ ಬರಬೇಕ್ರಿ. ಬೇಕಾದ್ರ ಸಾವಕಾಶ ತಗೀರಿ" ಎಂದು ಆತ ಟೇಬಲ್ ಮೇಲೆ ಕೂದಲು ಬಾಚಿಕೊಂಡು ಮಲಗಿದ್ದ.

ತಿಂಗಳ ಮೇಲೆ ವ್ಯಾಪಾರಿಯೇ ಪೇಢೆ ತಂದುಕೊಟ್ಟರು. ಬೀಗರು ಒಪ್ಪಿದ್ದರು. ಒಪ್ಪಿದ ದಿನ ಹೆಣ್ಣಿನ ತಂದೆ ಒಂದು ಮಾತು ಹೇಳಿ ಕಳಿಸಿದ್ದರಂತೆ:

"ನಿಮ್ಮ ಹೃದಯ ಮನಿ ಮಂದೆಲ್ಲಾ ಕುಂತು ನೋಡಿದ್ವಿ, ತಪ್ಪ ಹುಡುಕಿ ಹೆಸರಿಡೂ ಹಂಗಿಲ್ಲ. ಹುಡುಗನ ಫೋಟೋ ಇನ್ನ ಯಾವಾಗ ಕಳಸ್ತೀರಿ?"

ತಕರಾರಿನ ಮನುಷ್ಯ

ಇದೊಂದನ್ನು ಹೇಳುವಾಗ ಮಾತ್ರ ನಗು ಸ್ವಲ್ಪ ತಡವಾಗಿ ಬರುತ್ತದೆ.

ಬೀಳಗಿ ತಾಲೂಕಿನ ಒಬ್ಬರು ಎದೆನೋವೆಂದು ಬಂದರು. ಅವರ ಊರು ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿ ಹೋಗಿತ್ತು. ಈಗ ಪುನರ್ವಸತಿ ಕೇಂದ್ರದಲ್ಲಿ ಮನೆ. ವಯಸ್ಸಿನ ಅರ್ಧ ಭಾಗ ಸರ್ವೇದವರು, ನೋಟೀಸು, ಪರಿಹಾರ, ಜಮಖಂಡಿ ಕೋರ್ಟು ಇವುಗಳಲ್ಲೇ ಕಳೆದಿತ್ತು. ಜೊತೆಗೆ ಹೆಂಡತಿ ಬಂದಿದ್ದರು. ಮಾತೇ ಆಡದ ಹೆಣ್ಣುಮಗಳು.

ಸಿಟಿ ಚಿತ್ರ ನೋಡಿದ ಕೂಡಲೇ ಡಾಕ್ಟರ ಮುಖ ಬದಲಾಯಿತು. ಎಡಗಡೆಯ ಮುಖ್ಯ ನಾಳ ಮುಚ್ಚುವುದಕ್ಕೆ ಕೂದಲೆಳೆಯಷ್ಟೇ ಬಾಕಿ ಇತ್ತು. ಆಗಿಂದಾಗ ನಳಿಗೆ ಹಾಕಿ, ಬಲೂನಿನಿಂದ ಹಿಗ್ಗಿಸಿ, ಮತ್ತೆ ಮುಚ್ಚದಂತೆ ಒಳಗೆ ಸಣ್ಣ ಸ್ಪ್ರಿಂಗು, ಅಂದರೆ ಸ್ಟೆಂಟು ಕೂಡಿಸಬೇಕಾಗಿತ್ತು. ಡಾಕ್ಟರು ರೋಗಿಗೆ ತಮ್ಮ ಮೈಸೂರು ಕನ್ನಡದಲ್ಲಿ ಸಮಾಧಾನವಾಗಿ ಹೇಳಿದರು.

"ನೋಡಿ, ಈ ನಾಳ ಶೇಕಡಾ ತೊಂಬತ್ತು ಮುಚ್ಚಿಹೋಗಿದೆ."

"ಯಾರು ಅಳದ್ರು?"

"ಕಂಪ್ಯೂಟರ್ ಅಳೆದಿದೆ."

"ನಮ್ಮ ಊರನ್ನೂ ಹಂಗ ಆಫೀಸಿನ್ಯಾಗ ಕುಂತು ಅಳದಿದ್ರು. ಮೊದಲ ಅರ್ಧಾ ಊರು ಮುಳುಗತೈತಿ ಅಂದ್ರು. ಆಮ್ಯಾಲ ಪೂರಾ ಅಂದ್ರು. ಸ್ಥಳಕ್ಕ ಬಂದು ನೋಡಿದ್ರೇನು?"

"ಸ್ಥಳಕ್ಕೆ ಹೋಗಿ ನೋಡೋದಕ್ಕೇ ನಳಿಗೆ ಹಾಕ್ತೀವಿ" ಅಂದರು ಡಾಕ್ಟರು.

"ಹಂಗಾದ್ರ ಜಂಟಿ ಸರ್ವೇ ಆಗಬೇಕು. ನನ್ನ ಸಮಕ್ಷಮ."

ಡಾಕ್ಟರು ನನ್ನ ಕಡೆ ನೋಡಿದರು. ನಾನು, "ನೀವು ಎಚ್ಚರದಾಗ ಇರ್ತೀರಿ, ಟಿವ್ಯಾಗ ಎಲ್ಲಾ ಕಾಣತೈತ್ರಿ, ನಿಮ್ಮ ಸಮಕ್ಷಮನ ಆಕ್ಕೈತಿ" ಅಂದೆ. ಅವರು ತಲೆಯಾಡಿಸಿದರು. ಅರ್ಧ ಕೆಲಸ ಆಯಿತು ಎಂದುಕೊಂಡು ಒಪ್ಪಿಗೆ ಪತ್ರ ಮುಂದಿಟ್ಟೆ. ಸಹಿ ಇಲ್ಲದೆ ಟೇಬಲ್ ಮೇಲೆ ಹಾಕಿಕೊಳ್ಳುವಂತಿಲ್ಲ.

ಅವರು ಕಾಗದದ ತಲೆಬರಹ ಓದಿ ದೂರ ಸರಿಸಿದರು. "ಒಪ್ಪಿಗಿ ಕೊಡಾಂಗಿಲ್ಲ."

"ಯಾಕ್ರೀ?"

"ನಮ್ಮ ಊರಾಗ ಒಪ್ಪಿಗಿ ಕೊಟ್ಟು ಸಹಿ ಮಾಡಿದವರು ಕೊಟ್ಟಷ್ಟು ತಗೊಂಡು ಮನೀಗೆ ಹೋದ್ರು. ತಕರಾರು ಮಾಡಿದವರಿಗೆ ಕೋರ್ಟಿನ್ಯಾಗ ಹೆಚ್ಚಿಗಿ ಸಿಕ್ತು. ನಮ್ಮಪ್ಪ ಸಹಿ ಮಾಡಿ ಸಾಯೂತನಾ ಹಳಹಳಿಸಿದ. ನಾ ಯಾವ ಕಾಗದಕ್ಕೂ ಒಪ್ಪಿಗಿ ಅಂತ ಸಹಿ ಮಾಡಾಂವಲ್ಲ."

"ಇದು ಹೊಲದ ಕಾಗದ ಅಲ್ರೀ, ನಿಮ್ಮ ಜೀವದ್ದು."

"ಹೊಲನೂ ಜೀವಾನ ಇತ್ತು."

ಡಾಕ್ಟರು ಕುರ್ಚಿ ಹತ್ತಿರ ಎಳೆದುಕೊಂಡರು. ಅವರು ನಾಳದ ಚಿತ್ರ ತೋರಿಸಿದರು, ಬಿಡಿಸಿ ಹೇಳಿದರು, ಬೇಡಿಕೊಂಡರು. ಇವರು ಪ್ರತಿ ಮಾತಿಗೂ ತಕರಾರು ತೆಗೆದರು. ಮಾತಾಡುತ್ತಲೇ ಇವರ ಹಣೆಯ ಮೇಲೆ ಬೆವರು ಒಡೆಯಿತು, ಕೈ ಎದೆಯ ಮೇಲೆ ಹೋಯಿತು. ನೋವು ಮರಳಿ ಬಂದಿತ್ತು. ನಾನು ಆತನಕ ಒಳಗೊಳಗೇ ನಗುತ್ತಿದ್ದವನು ಆಗ ನಿಜವಾಗಿ ಹೆದರಿದೆ. ಕಾಗದದ ಈಚೆ ಮಶೀನು ಸಿದ್ಧವಿತ್ತು, ಡಾಕ್ಟರು ಸಿದ್ಧವಿದ್ದರು, ಆಚೆ ಒಂದು ಜೀವ ಪೆನ್ನು ಮುಟ್ಟದೆ ಕುಳಿತಿತ್ತು.

ಆಗ ಮೂಲೆಯಲ್ಲಿದ್ದ ಹೆಂಡತಿ ಮೊದಲ ಸಲ ಬಾಯಿ ತೆರೆದರು. ಧ್ವನಿ ಎತ್ತರಿಸಲಿಲ್ಲ.

"ಊರು ಮುಳುಗಿದಾಗ ಬ್ಯಾರೇ ಊರು ಕೊಟ್ರು. ನೀವು ಮುಳುಗಿದ್ರ ನನಗ ಎಲ್ಲಿ ಪುನರ್ವಸತಿ?"

ಅವರು ಹೆಂಡತಿಯ ಮುಖ ನೋಡಿದರು. ಆಮೇಲೆ ಪೆನ್ನಿಗೆ ಕೈ ಚಾಚಿದರು. ಸಹಿ ಮಾಡಿದರು, ಮತ್ತು ಸಹಿಯ ಕೆಳಗೆ ದುಂಡನೆಯ ಅಕ್ಷರದಲ್ಲಿ ಇನ್ನೊಂದು ಸಾಲು ಬರೆದರು: "ಸದರಿ ಸಹಿಯನ್ನು ನನ್ನ ತಕರಾರನ್ನು ಕಾಯ್ದಿರಿಸಿ ಮಾಡಿರುತ್ತೇನೆ."

ಡಾಕ್ಟರು ಓದಿ ಕಂಗಾಲಾದರು. "ಏನ್ರೀ ಇದು? ಒಪ್ಪಿದಾರೋ, ಇಲ್ವೋ?"

"ಸರ್, ನಮ್ಮ ಕಡೆ ಒಪ್ಪಿಗೆ ಅಂದ್ರೆ ಇದೇ" ಅಂದೆ. "ನಡೀರಿ."

ಟೇಬಲ್ ಮೇಲೆ ಅವರು ಕಣ್ಣು ಮಿಟುಕಿಸದೆ ಪರದೆ ನೋಡಿದರು. ನಳಿಗೆ ಕೈಯಿಂದ ಏರಿ ಹೃದಯದ ಬಾಯಿಗೆ ಬಂತು. ಔಷಧಿ ಬಿಟ್ಟಾಗ ನಾಳ ಕಪ್ಪಾಗಿ ತುಂಬುತ್ತ ಬಂದು, ಒಂದು ಕಡೆ ದಾರದಂತೆ ಸಣ್ಣಗಾಗಿ, ಮುಂದೆ ಇಲ್ಲವೇ ಇಲ್ಲ ಎನ್ನುವಂತಾಯಿತು. "ಅಲ್ಲೇನ್ರಿ?" ಅಂದರು. "ಅಲ್ಲೇ" ಅಂದರು ಡಾಕ್ಟರು. "ಖರೇ ಹೇಳಿದ್ರಿ" ಎಂದು ಒಪ್ಪಿಕೊಂಡರು. ಜಂಟಿ ಸರ್ವೇ ಮುಗಿಯಿತು. ಬಲೂನು ಹಿಗ್ಗಿತು, ಸ್ಪ್ರಿಂಗು ಕುಳಿತಿತು, ಮತ್ತೆ ಔಷಧಿ ಬಿಟ್ಟಾಗ ಅದು ತಡೆಯಿಲ್ಲದೆ ಹೃದಯದ ಕೊನೆಯ ಕೊಂಬೆಯ ತನಕ ಹರಿಯಿತು. ಅವರು ಸಣ್ಣ ಧ್ವನಿಯಲ್ಲಿ "ನೀರು ಬಂತು" ಅಂದರು. ಹೊರಗೆ ಹೋಗಿ ಹೆಂಡತಿಗೆ ನಾನೇ ಹೇಳಿದೆ. ಅವರು ಸೆರಗಿನಿಂದ ಮುಖ ಒರೆಸಿಕೊಂಡು ಗೋಡೆ ಹಿಡಿದು ಕೆಳಗೆ ಕುಳಿತರು.

ಮನೆಗೆ ಕಳಿಸುವ ದಿನ ಡಾಕ್ಟರು ಗುಳಿಗೆ, ಪಥ್ಯ ಎಲ್ಲಾ ಹೇಳಿ ಮುಗಿಸಿ, "ಏನಾದರೂ ಕೇಳೋದಿದೆಯಾ?" ಅಂದರು. ಅದನ್ನು ಕೇಳಬಾರದಾಗಿತ್ತು.

"ಆ ಸ್ಪ್ರಿಂಗು ಹೊಳ್ಳಿ ತಗೀತೀರೋ, ಅಲ್ಲೇ ಇರತೈತೋ?"

"ಶಾಶ್ವತವಾಗಿ ಅಲ್ಲೇ ಇರುತ್ತೆ."

"ಅಂದ್ರ ನನ್ನ ಜಾಗಾ ಕಾಯಮ್ ಹಿಡಕೊಂಡಂಗಾತು."

"ಒಂದು ಲೆಕ್ಕದಲ್ಲಿ ಹೌದು" ಎಂದರು ಡಾಕ್ಟರು, ಪಾಪ, ಏನೂ ತಿಳಿಯದೆ.

"ಡ್ಯಾಮಿಗೆ ಜಾಗಾ ಹೋದವರ ಮನಿಗೊಂದು ನೌಕರಿ ಅಂದಿದ್ರು. ಹಂಗ ನೀವೂ ಕೊಡಬೇಕಾಕ್ಕೈತಿ. ನನ್ನ ತಮ್ಮನ ಮಗ ಹತ್ತನೇತ್ತಾ ಪಾಸಾಗ್ಯಾನ. ನಿಮ್ಮ ದವಾಖಾನ್ಯಾಗ ಎಲ್ಲಿ ಕುಂದ್ರಸ್ತೀರಿ?"

ಡಾಕ್ಟರು ಮತ್ತೆ ನನ್ನ ಕಡೆ ನೋಡಿದರು. ಇವರು ಬಿಡುವ ಹಾಗಿರಲಿಲ್ಲ. "ಅರ್ಜಿ ಯಾರ ಹೆಸರಿಗೆ ಬರೀಲಿ?" ಎಂದು ಕಿಸೆಯಿಂದ ಪೆನ್ನು ತೆಗೆದೇಬಿಟ್ಟರು.

ಅಷ್ಟರಲ್ಲಿ ಗಂಟು ಕಟ್ಟುತ್ತಿದ್ದ ಹೆಂಡತಿ ತಲೆ ಎತ್ತದೆಯೇ ಹೇಳಿದರು:

"ಪೆನ್ನು ಒಳಗ ಇಡ್ರಿ. ಆ ಜಾಗಾ ಮದುವ್ಯಾದ ದಿನಾನ ನನ್ನ ಹೆಸರಿಗೆ ಆಗೇತಿ. ಅರ್ಜಿ ಹಾಕೂದಿದ್ರ ನಾ ಹಾಕಾಕಿ."

ಜಿಲ್ಲೆಯ ಎಲ್ಲ ಸರ್ವೇದವರೊಡನೆ ವಾದ ಮಾಡಿದ ಮನುಷ್ಯ ಬಾಯಿ ತೆರೆದರು, ಮುಚ್ಚಿದರು, ಚಪ್ಪಲಿ ಮೆಟ್ಟಿಕೊಂಡು ಅವರ ಹಿಂದೆ ಬಸ್‌ಸ್ಟ್ಯಾಂಡಿಗೆ ನಡೆದರು.